ಬಾಳೆಕಂದಿನಲ್ಲಿ ದೊರೆಯ ಕತ್ತಿ

ಗೆಳೆಯ ಶಂಕರನ ಮಗನ ಮದುವೆಯಲ್ಲಿ ನನಗೆ ವಹಿಸಿದ್ದು ಒಂದೇ ಕೆಲಸ. ನಂಜನಗೂಡಿನ ಅವರ ಮನೆಯಿಂದ ತಿ. ನರಸೀಪುರದ ಛತ್ರಕ್ಕೆ ಒಂದು ಕತ್ತಿ ತಲುಪಿಸುವುದು. ಇಷ್ಟಕ್ಕೆಲ್ಲ ಬುದ್ಧಿ ಬೇಕೆ? ಬೇಕಿತ್ತು ಎಂದು ಆಮೇಲೆ ತಿಳಿಯಿತು.

ಅದು ಅಂತಿಂಥ ಕತ್ತಿಯಲ್ಲ. "ಪಟ್ಟ ನನ್ನದು" ಎಂದದ್ದಕ್ಕೆ ದಾಯಾದಿಗಳಿಂದ ಗಡಿಪಾರಾಗಿ, ನಂಜನಗೂಡಿಗೆ ಬಂದು ನೆಲೆಸಿದ ಶಂಕರನ ಪೂರ್ವಿಕ ದೊರೆಯದು. ರಾಜ್ಯ ಮರಳಿ ಸಿಗುವ ತನಕ ಅದನ್ನು ಒರೆಯಿಂದ ಹಿರಿಯುವಂತಿಲ್ಲ. ಅದನ್ನು ಹಿಡಿಯದೆ ಆ ಮನೆಯ ಗಂಡು ಧಾರೆಗೆ ನಿಲ್ಲುವಂತೆಯೂ ಇಲ್ಲ!

"ರೀ, ಕತ್ತಿ ಹಿಡ್ಕೊಂಡು ಬಸ್ ಹತ್ತಿದ್ರೆ ಪೊಲೀಸ್‌ನೋರು ನಿಮ್ಮನ್ನ ಹಿಡ್ಕೊಂಡು ಹೋಗ್ತಾರೆ ಕಣ್ರೀ," ಎಂದಳು ನನ್ನಾಕೆ.

"ನಾನೇನು ದಡ್ಡನಾ?" ಎಂದೆ. ಛತ್ರದ ಚಪ್ಪರಕ್ಕೆಂದು ಬಾಳೆಕಂದು ಹೇರಿಕೊಂಡು ಗೂಡ್ಸ್ ಆಟೋ ಹೊರಡುವುದರಲ್ಲಿತ್ತು. ಒಂದು ಕಂದಿನ ಪಟ್ಟೆ ಬಿಡಿಸಿ, ಕತ್ತಿಯನ್ನು ಒರೆಸಮೇತ, ಹಿಡಿಯೂ ಕಾಣದಂತೆ ಒಳಗಿಟ್ಟು, ಹಗ್ಗ ಸುತ್ತಿ, ಬಸ್ಸು ಹತ್ತಿ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಛತ್ರಕ್ಕೆ ಹೋಗಿ ನೋಡಿದರೆ ಆಟೋ ಖಾಲಿ!

"ಕಂದೆಲ್ಲಪ್ಪಾ?" ಎಂದು ಚಪ್ಪರದವನನ್ನು ಕೇಳಿದೆ.

"ಎಲ್ಲಾ ಕಂಬಕ್ಕೆ ಕಟ್ಟಾಯ್ತಲ್ಲಾ ಸಾ! ಎಂಗದೆ?"

ಚೆನ್ನಾಗಿಯೇ ಇತ್ತು. ಇಪ್ಪತ್ತು ಕಂಬ, ಇಪ್ಪತ್ತು ಕಂದು, ಎಲ್ಲಕ್ಕೂ ಒಂದೇ ಥರದ ಹಗ್ಗ! ಮುಹೂರ್ತಕ್ಕೆ ಅರ್ಧ ಗಂಟೆ.

ಸುಲಿಯತೊಡಗಿದೆ.

"ಯಾರ್ಲಾ ಅದು, ಮದ್ವೆ ಮನೇಲಿ ಚಪ್ಪರ ಕೀಳ್ತಿರೋದು!" ಎಂದು ಹೆಣ್ಣಿನ ತಂದೆ ಓಡಿಬಂದರು. ಸಂಗತಿ ತಿಳಿದು ಅವರೂ ಸುಲಿದರು. ಶಂಕರ ಸುಲಿದ. ವಾಲಗದವರು ವಾಲಗ ಕೆಳಗಿಟ್ಟು ಸುಲಿದರು. ಹದಿನೇಳನೆಯ ಕಂದಿನಲ್ಲಿ ಹಿತ್ತಾಳೆಯ ಹಿಡಿ ಹೊಳೆಯಿತು. ಕಂಬಕ್ಕೆ ಕಾಲು ಕೊಟ್ಟು ಎಳೆದೆ.

ಬಂತು! ನಾನು ಅಂಗಾತ ಬಿದ್ದೆ. ಒರೆ ಬಾಳೆಯಲ್ಲೇ ಉಳಿದಿತ್ತು. ಹಿಡಿ ನನ್ನ ಕೈಯಲ್ಲಿತ್ತು. ಹಿಡಿಯ ಮುಂದೆ ಏನೂ ಇರಲಿಲ್ಲ!

ಶಂಕರನ ಮುಖ ಬೆಳ್ಳಗಾಯಿತು. ತಲೆಮಾರುಗಳ ದೊರೆತನವನ್ನು ನಾನು ಬೀಗರೆದುರೇ ಮುರಿದುಹಾಕಿದ್ದೆ.

ಅಷ್ಟರಲ್ಲಿ ಅವನ ತಾಯಿ, ಎಂಬತ್ತು ದಾಟಿದ ಅಮ್ಮಣ್ಣಿಯವರು, ಕೋಲೂರಿಕೊಂಡು ಬಂದರು.

"ಏಳಪ್ಪ, ನೀನು ಮುರೀಲಿಲ್ಲ. ನಾನು ಸೊಸೆಯಾಗಿ ಬಂದಾಗ್ಲೇ ಅದು ಹಂಗಿತ್ತು. ನಮ್ಮತ್ತೆ ನನಗೊಬ್ಬಳಿಗೇ ಹೇಳಿದ್ರು. ದೊರೆಗಳು ದೇಶ ಬಿಟ್ಟು ಬಂದ್ರು, ಹೊಟ್ಟೆ ಬಿಟ್ಟು ಬಂದ್ರಾ? ಸೊಪ್ಪು ಹೆಚ್ಚಕ್ಕೆ ಮನೇಲಿ ಏನೂ ಇರಲಿಲ್ಲ. ದೊರೆಸಾನಿ ಅಲಗು ತೆಗೆಸಿ ಈಳಿಗೆಮಣೆ ಮಾಡಿಸ್ಕೊಂಡ್ರು."

ಈಗ ಬೀಗರು ನಗುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಹೆಣ್ಣಿನ ತಂದೆ ಕೈಮುಗಿದರು.

"ಕತ್ತಿ ಮುರ್ದು ಈಳಿಗೆ ಮಾಡೋ ಮನೇಲಿ ನಮ್ ಹುಡ್ಗಿ ಉಪವಾಸ ಇರಾಕಿಲ್ಲ, ಬುಡಿ ಅಮ್ಮಾ!"

ಹಿಡಿಯನ್ನು ಒರೆಗೆ ಸೇರಿಸಿ, ಎರಡು ಕೈಯಲ್ಲೂ ಭದ್ರವಾಗಿ ಹಿಡಿದು ಗಂಡು ನಿಂತ. ಧಾರೆ ಆಯಿತು.

ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. "ಆ ಈಳಿಗೆಮಣೆ ಈಗೆಲ್ಲಿದೆ ಅಮ್ಮಾ?" ಎಂದು ಕೇಳಿಬಿಟ್ಟೆ.

"ಮದ್ವೆ ಅಡುಗೆಗೆ ಅಂತ ಇಲ್ಲಿಗೇ ತಂದಿದ್ದೀವಿ, ಒಳಗಡೆ ಅಡುಗೆಮನೇಲದೆ. ಕೋಸಂಬರಿಗೆ ಸೌತೇಕಾಯಿ ಸಾಲ್ದಂತೆ, ಹೋಗಿ ಹೆಚ್ಚು. ಚಪ್ಪರ ಕಿತ್ತಿದ್ದೀಯಲ್ಲ, ಏನಾದ್ರೂ ಕೆಲಸ ಮಾಡು."

ಮೂರನೆಯ ಸೌತೆಕಾಯಿಗೇ ಹೆಬ್ಬೆರಳು ಕುಯ್ದುಕೊಂಡೆ. ನನ್ನಾಕೆ ಅರಿಶಿನ ಮೆತ್ತಿದಳು. ಕಳೆದುಹೋದ ಪಟ್ಟಕ್ಕಾಗಿ ಇಷ್ಟು ಕಾಲ ಕಾದಿದ್ದ ಆ ರಾಜಾಯುಧ ಕೊನೆಗೂ ಒಬ್ಬನ ರಕ್ತ ಹರಿಸಿತು. ಅದಕ್ಕೆ ಸಿಕ್ಕ ಶತ್ರುವೂ ನಾನೇ ಆಗಬೇಕೆ!