ದೌಲಪ್ಪ ಮಾಸ್ತರರ ಇತಿಹಾಸ ಶಿಬಿರ

ನಿಜಾಮ ಸರಕಾರದ ಹುಕುಮಿನಲ್ಲಿ ಒಂದೇ ಒಂದು ಸಾಲು ದೌಲಪ್ಪ ಮಾಸ್ತರರ ನಿದ್ದೆ ಕೆಡಿಸಿತ್ತು: ಮೊದಲ ದಿನ ಮಧ್ಯಾಹ್ನದೊಳಗೆ ರುಜು ಹಾಕದವರ ಹೆಸರು ಪಟ್ಟಿಯಿಂದ ಕಾಟು. ಕಲಬುರಗಿಯ ಬ್ರಹ್ಮಪುರದ ಶಾಲೆಯಲ್ಲಿ ಒಂದು ತಿಂಗಳ ಇತಿಹಾಸ ಶಿಬಿರ. ಅದನ್ನು ಮುಗಿಸಿದರೆ ಕಮಲಾಪುರದ ಶಾಲೆಗೆ ಅವರೇ ಹೆಡ್ ಮಾಸ್ತರ. ಉಳಿಯುವ ವ್ಯವಸ್ಥೆ ಸರಕಾರದ್ದೇ ಎಂದೂ ಬರೆದಿತ್ತು. ಎಲ್ಲಿ ಎಂದು ಮಾತ್ರ ಬರೆದಿರಲಿಲ್ಲ.

ಕಲಬುರಗಿಯನ್ನು ಅವರು ಹುಟ್ಟಿದಾಗಿನಿಂದ ಕಂಡವರಲ್ಲ. ಮೊದಲ ದಿನ ಬೆಳಿಗ್ಗೆ ಊರ ಹೊರಗೆ ಸಾಲಾಗಿ ಬಿಳಿ ಡೇರೆಗಳು ಕಂಡಾಗ, ಉಳಿಯುವ ವ್ಯವಸ್ಥೆ ಇದೇ ಎಂದುಕೊಂಡು ಬಂಡಿಯಿಂದ ಇಳಿದೇಬಿಟ್ಟರು. ಅಲ್ಲಿ ಕಾವಲಿದ್ದ ಜಮಾದಾರ ಇಮಾಮುದ್ದೀನ್ ದಫ್ತರ ತೆರೆದ.

“ಯಾವೂರಿಂದ ಬಂದ್ರಿ?”

“ಕಮಲಾಪುರರೀ.”

“ನಡೀರಿ ಒಳಗ. ನಿಮ್ಮೂರವ್ರ್ನೇ ಕಾಯಾಕತ್ತೀವಿ.”

ಇಷ್ಟೊಂದು ಮರ್ಯಾದೆಯೇ ಎಂದು ಮಾಸ್ತರರು ಹಿಗ್ಗಿದರು. ಒಳಗೆ ಡಾಕ್ಟರರು ನಾಲಿಗೆ ನೋಡಿ, ಅಂಗಿ ಬಿಚ್ಚಿಸಿ, ಕಂಕುಳಲ್ಲಿ ಕೈಯಾಡಿಸಿದರು. ಇತಿಹಾಸಕ್ಕೂ ಕಂಕುಳಿಗೂ ಏನು ಸಂಬಂಧವೋ ಪಾಪ ಅವರಿಗೆ ತಿಳಿಯಲಿಲ್ಲ. ಹೈದರಾಬಾದಿನ ಹೊಸ ಪದ್ಧತಿ ಇರಬೇಕೆಂದುಕೊಂಡು, ಯಾರೂ ಕೇಳದಿದ್ದರೂ ಬಹಮನಿ ಸುಲ್ತಾನರ ಹೆಸರುಗಳನ್ನು ಗಟ್ಟಿಯಾಗಿ ಒಪ್ಪಿಸಿದರು.

“ಜ್ವರ ಇಲ್ಲ. ಆದ್ರ ಬಡಬಡಸಾಕತ್ಯಾರ, ಬರಕೋ,” ಎಂದರು ಡಾಕ್ಟರರು.

ಡೇರೆಯ ಮೂಲೆಯಲ್ಲಿ ಮಾನಮ್ಮ ಎಂಬ ಮುದುಕಿ ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದಳು. ಮಾಸ್ತರರು ಅವಳನ್ನೇ ಕೇಳಿದರು.

“ಯವ್ವಾ, ಪಾಠಕ್ಕ ಯಾವಾಗ ಕರಕೊಂಡು ಹೋಗ್ತಾರ?”

“ಯಾವ ಪಾಠರೀ ಮಾಸ್ತರ? ಇದು ಪ್ಲೇಗಿನ ಕ್ಯಾಂಪ್. ಕಂಕುಳಾಗ ಗಡ್ಡಿ ಎದ್ದದೇನಂತ ನೋಡ್ತಾರ. ಕಮಲಾಪುರದಾಗ ಇಲಿ ಸತ್ತಾವಂತ. ಅಲ್ಲಿಂದ ಬಂದವ್ರ್ನ ಹತ್ತು ದಿನ ಹೊರಗ ಬಿಡಂಗಿಲ್ಲ.”

ಮಾಸ್ತರರು ಗಂಟು ಕೈಗೆತ್ತಿಕೊಂಡರು. ಪ್ಲೇಗಿನ ಭಯಕ್ಕಿಂತ ಹೆಡ್ ಮಾಸ್ತರಿಕೆಯ ಆಸೆ ದೊಡ್ಡದು. ಡೇರೆಯ ಹಿಂದಿನ ಬಟ್ಟೆ ಎತ್ತಿ ನುಸುಳಿ ಓಟ ಕಿತ್ತರು. ನಾಲ್ಕು ಗಲ್ಲಿ ತಪ್ಪಿ, ಮೂರು ಮನೆಗಳ ಅಂಗಳ ಹೊಕ್ಕು ಬೈಸಿಕೊಂಡು, ಮಧ್ಯಾಹ್ನಕ್ಕೆ ಎರಡು ನಿಮಿಷ ಇರುವಾಗ ಶಾಲೆ ಸೇರಿ ರುಜು ಹಾಕಿದರು. ಆ ಸಂತೋಷದಲ್ಲಿ ಅಲ್ಲಿದ್ದ ಹನ್ನೊಂದು ಮಾಸ್ತರರನ್ನೂ ಒಬ್ಬೊಬ್ಬರಾಗಿ ಅಪ್ಪಿಕೊಂಡರು. ಶಿಬಿರ ನಡೆಸಲು ಹೈದರಾಬಾದಿನಿಂದ ಬಂದಿದ್ದ ನೀಲಕಂಠರಾಯರ ಕಾಲು ಮುಟ್ಟಿದ್ದಲ್ಲದೆ ಎರಡೂ ಕೈ ಹಿಡಿದು ಕುಲುಕಿದರು.

ಅಷ್ಟರಲ್ಲಿ ಇಮಾಮುದ್ದೀನ್ ಏದುಸಿರು ಬಿಡುತ್ತ ಬಂದ.

“ಈ ಮಾಸ್ತರ್ ಸಾಬ್ರು ಪ್ಲೇಗ್ ಕ್ಯಾಂಪಿಂದ ಓಡಿ ಬಂದಾರ! ಯಾರ್ಯಾರ್ನ ಮುಟ್ಟ್ಯಾರ, ಅವ್ರೆಲ್ಲಾ ನಡೀರಿ ನನ್ನ ಜೋಡಿ!”

ಸಂಜೆಯೊಳಗೆ ಹನ್ನೆರಡು ಮಾಸ್ತರರೂ ರಾಯರೂ ಕಂಕುಳು ತೋರಿಸಿ ಡೇರೆಯಲ್ಲಿ ಕುಳಿತಿದ್ದರು. ರಾಯರು ಸಿಟ್ಟಿನಿಂದ ಹಾಜರಿ ಪುಸ್ತಕ ತೆರೆದು, ದೌಲಪ್ಪನವರ ಹೆಸರಿನ ಮೇಲೆ ಉದ್ದಕ್ಕೆ ಗೀಟು ಎಳೆದರು.

“ಶಿಬಿರ ಇಲ್ಲೇ ನಡೀತದ. ನಿನ್ನ ಹೆಸರು ತೆಗದೀನಿ. ಎದ್ದು ಹೋಗು!”

ದೌಲಪ್ಪ ಮಾಸ್ತರರು ತಲೆ ತಗ್ಗಿಸಿ ಗಂಟು ಎತ್ತಿಕೊಂಡು ಹೊರಟರು. ಬಾಗಿಲಲ್ಲಿ ಇಮಾಮುದ್ದೀನ್ ಅಡ್ಡ ನಿಂತ.

“ಎಲ್ಲಿಗೆ ಮಾಸ್ತರ್ ಸಾಬ್? ಹತ್ತು ದಿನ ಯಾರೂ ಹೊರಗ ಹೋಗಂಗಿಲ್ಲ. ಕುಂದ್ರಿ, ಪಾಠ ಕೇಳ್ರಿ.”