ಸೌದೆಗೆ ಕೆನ್ನೆ ಕೊಡುವ ಮಾವ

ನಮ್ಮ ಸೋದರಮಾವ ಅತ್ತೆಗಿಂತ ಹೆಚ್ಚು ಮುದ್ದು ಮಾಡಿದ್ದು ಜಾಲಿ ಸೌದೆಯನ್ನು. ಇದು ನನ್ನ ಮಾತಲ್ಲ, ಅತ್ತೆಯದೇ ದೂರು. ದೇವಸಮುದ್ರದ ಸುತ್ತ ಮದುವೆ ಅಡುಗೆ ಮಾಡುವ ಈ ಮನುಷ್ಯ ಕಟ್ಟಿಗೆ ಕಂಡರೆ ಸಾಕು, ಎತ್ತಿ ಕೆನ್ನೆಗೊತ್ತಿ ಕಣ್ಣು ಮುಚ್ಚುತ್ತಾರೆ. ತಣ್ಣಗೆ ತಾಗಿದರೆ ಹಸಿ, ಇಲ್ಲದಿದ್ದರೆ ಒಣ. ಮೊಳಕಾಲ್ಮೂರಿನ ಸೌದೆ ಡಿಪೋದವನು ಒಮ್ಮೆ ಕೇಳಿಯೇ ಬಿಟ್ಟ: "ಯಜಮಾನ್ರೇ, ಸೌದೆ ತಗಳಾಕೆ ಬಂದೀರೋ, ಹೆಣ್ಣು ನೋಡಾಕೋ?"

ನಾನು ಡಿಪ್ಲೊಮಾದವನು. ಉಷ್ಣವಾಹಕತೆಯ ಪಾಠವನ್ನು ಎರಡೆರಡು ಸಲ ಓದಿದ್ದೇನೆ, ಮೊದಲ ಸಲ ಫೇಲಾದದ್ದರಿಂದ. ನೀರು ಕುಡಿದ ಕಟ್ಟಿಗೆ ಕೆನ್ನೆಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ ಎಂಬುದು ಆ ಪಾಠದಲ್ಲೇ ಇತ್ತಂತೆ. ನನಗೆ ಹೊಳೆದದ್ದು ಮಾತ್ರ ಬೇರೆ: ಭಾರವಾದದ್ದು ಹೆಚ್ಚು ಹೊತ್ತು ಉರಿಯುತ್ತದೆ! ಅಕ್ಕನ ನಿಶ್ಚಿತಾರ್ಥಕ್ಕೆ ಸೌದೆ ತರುವ ಕೆಲಸ ವಹಿಸಿಕೊಂಡು, ಡಿಪೋದಲ್ಲಿ ಎಲ್ಲಕ್ಕಿಂತ ಭಾರದ ತುಂಡುಗಳನ್ನೇ ಆರಿಸಿದೆ. ತೂಕಕ್ಕೆ ಮಾರುವ ಡಿಪೋದವನು ಕರೆದು ಟೀ ಕುಡಿಸಿದಾಗಲಾದರೂ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಒಲೆ ಹಚ್ಚಿದರೆ ಉರಿಯೊಂದು ಬಿಟ್ಟು ಎಲ್ಲವೂ ಬಂತು. ಹೊಗೆ, ಸುಯ್ಯೆನ್ನುವ ಸದ್ದು, ತುಂಡುಗಳ ತುದಿಯಲ್ಲಿ ನೊರೆ. ಚಳ್ಳಕೆರೆಯಿಂದ ಹೊರಟ ಗಂಡಿನವರು ಬಿ.ಜಿ. ಕೆರೆ ದಾಟಿದ್ದೇವೆಂದು ಫೋನು ಮಾಡಿದಾಗ ನಮ್ಮ ಅನ್ನದ ಎಸರು ಸ್ನಾನಕ್ಕೆ ಹದವಾಗಿತ್ತು.

"ಏನಲೇ ಇದು, ಸೌದೇನೋ, ಕಬ್ಬೋ?" ಎಂದರು ಮಾವ.

"ಬೆಂಕಿ ಐತಲ್ಲ ಮಾವ."

"ಐತೆ. ಅದು ಮೊದ್ಲು ಸೌದೆ ಒಳಗಿನ ನೀರು ಕಾಸ್ತೈತೆ. ಆಮ್ಯಾಲೆ ನಿನ್ನ ಅನ್ನ. ಅಷ್ಟೊತ್ತಿಗೆ ನಿಮ್ಮಕ್ಕನ ಮಗೀಗೆ ಹೆಸರಿಡಬೌದು."

ಹೆಗಲಿಗೆ ಟವೆಲ್ ಹಾಕಿ ಮಾವ ಬೀದಿಗಿಳಿದರು. ಮನೆಮನೆಯ ಹಿತ್ತಲಿಗೆ ನುಗ್ಗಿ, ಸಿಕ್ಕಿದ್ದಕ್ಕೆಲ್ಲ ಕೆನ್ನೆ ಕೊಟ್ಟರು. ಎದುರುಮನೆಯ ಮುರಿದ ಮಂಚದ ಕಾಲೂ ಪರೀಕ್ಷೆಗೆ ಕೂತು, ನನ್ನಂತಲ್ಲದೆ ಒಂದೇ ಸಲಕ್ಕೆ ಪಾಸಾಯಿತು. ಬೀಗರು ಕೈ ತೊಳೆಯುವ ಹೊತ್ತಿಗೆ ಅನ್ನ ಬಸಿದು ಇಳಿಸಿದ್ದೆವು.

ನಾಚಿಕೆಗೆ ನಾನು ಒಲೆ ಬಿಟ್ಟು ಏಳಲಿಲ್ಲ. ಕೊನೆಗೆ ಅಕ್ಕನೇ ರೇಷ್ಮೆ ಸೀರೆ ಎತ್ತಿ ಹಿಡಿದು ಎಲೆಯಲ್ಲಿ ಊಟ ತಂದಳು. "ಹೊಗೆ ಕುಡ್ದೇ ಹೊಟ್ಟೆ ತುಂಬಿಸ್ಕಂಡ್ಯಾ? ಉಣ್ಣು," ಎಂದು ತಲೆ ಸವರಿ ಹೋದಳು. ಇವಳು ಗಂಡನ ಮನೆಗೆ ಹೋದ ಮೇಲೆ ನನಗೆ ಬಡಿಸುವವರು ಯಾರು? ಕಣ್ಣು ಸುರಿಯತೊಡಗಿತು.

"ಹೊಗೆ, ಮಾವ," ಎಂದೆ, ಪಕ್ಕಕ್ಕೆ ಬಂದು ನಿಂತವರಿಗೆ.

ಒಲೆಯಲ್ಲಿ ಕೆಂಡ ಬಿಟ್ಟರೆ ಏನೂ ಇರಲಿಲ್ಲ. ಮಾವ ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಬಗ್ಗಿ, ಮಸಿ ಹತ್ತಿದ ತಮ್ಮ ಕೆನ್ನೆಯನ್ನು ನನ್ನ ಕೆನ್ನೆಗೊತ್ತಿ ಕಣ್ಣು ಮುಚ್ಚಿದರು.

"ಇನ್ನಾ ಹಸಿ ಐತೆ," ಎಂದರು. "ಒಲೆ ಮುಂದೆ ಕುಂತ್ಕಳಲೇ. ನಾನೂ ಕುಂತಿರ್ತೀನಿ."