ಭಾವನ ಸೊಂಟದ ಕಪ್ಪೆ

ನನ್ನ ಅಕ್ಕನ ಗಂಡನಷ್ಟು ದಡ್ಡ ವಿಜ್ಞಾನಿ ಜಪಾನಿನ ಇಡೀ ತ್ಸುಕುಬಾ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಪ್ರಯೋಗಾಲಯದಲ್ಲಿ ಲೋಹದ ಪರಮಾಣುಗಳನ್ನು ಸಾಲಾಗಿ ಕೂರಿಸುವ ಮನುಷ್ಯನಿಗೆ ಒಂದು ಮರದ ಕಪ್ಪೆಯನ್ನು ಸೊಂಟದಲ್ಲಿ ನೆಟ್ಟಗೆ ಕೂರಿಸಲು ಬರುತ್ತಿರಲಿಲ್ಲ! ಆಗ ನಾನು ಅವರ ಮನೆಯಲ್ಲೇ ಇದ್ದು ಪಿಎಚ್‌ಡಿ ಮಾಡುತ್ತಿದ್ದೆ. ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆದರೆ ನಗು ಬಂದ ಕಡೆ ಒಗ್ಗರಣೆ ಹಾಕುವ ಚಾಳಿ ನನ್ನದು. ಡೈರಿಯನ್ನೂ ಪೂರ್ತಿ ನಂಬುವಂತಿಲ್ಲ.

ದೊಡ್ಡ ಭೂಕಂಪವಾಗಿ ಕೆಲವು ವಾರಗಳಾಗಿದ್ದವು. ನೆಲ ಇನ್ನೂ ಸುಮ್ಮನಾಗಿರಲಿಲ್ಲ, ನಾವೂ ಅಷ್ಟೆ. ಕೂತರೆ ಏಳಬೇಕು, ಎದ್ದರೆ ದೀಪ ಅಲುಗುತ್ತಿದೆಯೇ ಎಂದು ನೋಡಬೇಕು. ಪಕ್ಕದ ಮನೆಯ ಒಂಟಿ ಅಜ್ಜ ಮೊರಿತಾ ಸಾನ್ ಮಾತ್ರ ಹಾಕಿದ ಬಾಗಿಲು ತೆಗೆದಿರಲಿಲ್ಲ. ಜೀವಮಾನವಿಡೀ ಕೂಡಿಸಿದ ನೆತ್ಸುಕೆಗಳ ಕಪಾಟು ಆ ದಿನ ಮಗುಚಿಬಿದ್ದಿತ್ತು. ನೆತ್ಸುಕೆ ಎಂದರೆ ಹೆಬ್ಬೆರಳ ಗಾತ್ರದ ಪುಟ್ಟ ಕೆತ್ತನೆ. ಕಿಮೋನೋಗೆ ಜೇಬಿಲ್ಲವಲ್ಲ, ಹಿಂದಿನವರು ಪುಟ್ಟ ಚೀಲವನ್ನು ದಾರಕ್ಕೆ ಕಟ್ಟಿ, ದಾರವನ್ನು ನಡುಪಟ್ಟಿಯೊಳಗಿಂದ ಮೇಲೆಳೆದು, ಜಾರದಂತೆ ತುದಿಯಲ್ಲಿ ಇದನ್ನು ಕೂರಿಸುತ್ತಿದ್ದರು.

ಅಕ್ಕ ಅಜ್ಜನ ಬಾಗಿಲಲ್ಲಿಟ್ಟ ಊಟದ ಡಬ್ಬಿ ಸಂಜೆಗೂ ಹಾಗೇ ಇರುತ್ತಿತ್ತು. "ಹೀಗೇ ಆದ್ರೆ ಅವ್ರು ಉಳಿಯಲ್ಲ ರೀ," ಎನ್ನುತ್ತಿದ್ದಳು.

ಭಾನುವಾರ ಭಾವ ಟೋಕಿಯೋದ ಹಳೇ ಸಾಮಾನಿನ ಸಂತೆಯಿಂದ ಒಂದು ನೆತ್ಸುಕೆ ತಂದರು. ಹುಲ್ಲಿನ ಚಪ್ಪಲಿಯ ಮೇಲೆ ಕೂತ ಕಪ್ಪೆ! "ಪಂಚೆಗೂ ಜೇಬಿಲ್ಲ, ಕಿಮೋನೋಗೂ ಇಲ್ಲ. ಎರಡರದೂ ಒಂದೇ ಗೋತ್ರ!" ಎನ್ನುತ್ತ ಪಂಚೆಯ ಮೇಲೆ ಶಲ್ಯವನ್ನು ಸೊಂಟಕ್ಕೆ ಬಿಗಿದು, ಕಪ್ಪೆಯನ್ನೂ ಅದರ ದಾರದ ಚೀಲವನ್ನೂ ಸಿಕ್ಕಿಸಿಕೊಂಡರು. ಅದೂ ತಲೆಕೆಳಗಾಗಿ! ಚೀಲ ಹೊಟ್ಟೆಯ ಮೇಲೆ, ಕಪ್ಪೆಗೆ ಮೊಣಕಾಲ ಹತ್ತಿರ ಜೋಕಾಲಿ.

ಬೀದಿಯ ಕೊಂಬಿನಿ ಅಂಗಡಿಯಲ್ಲಿ ಕಪ್ಪೆ ಪತ್ರಿಕೆಗಳ ಸ್ಟ್ಯಾಂಡಿಗೆ ಸಿಕ್ಕಿಕೊಂಡಿತು. ಭಾವ ಮುಂದೆ ಹೋದರು, ಪಂಚೆ ಹಿಂದೆ ಉಳಿಯಿತು. ಕೌಂಟರಿನ ಹುಡುಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಸೂರು ನೋಡುತ್ತ ನಿಂತಳು. ಪಾಪ, ಅವಳದೇನು ತಪ್ಪು?

ಅದೇ ಸಂಜೆ ಮನೆ ಅಲುಗಿತು. ಎಲ್ಲರೂ ಮೇಜಿನಡಿ ನುಗ್ಗಿದರೆ ಭಾವನ ಮುಷ್ಟಿಯಲ್ಲಿ ಕಪ್ಪೆ.

"ಇದು ಇನ್ನೂರ್ ವರ್ಷದಿಂದ ಭೂಕಂಪ ನೋಡಿದೆ ಕಣೇ!"

"ನಾನು ಹದಿನೈದು ವರ್ಷದಿಂದ ನಿಮ್ಮನ್ನ ನೋಡಿದೀನಿ. ಮೊದ್ಲು ನನ್ನ ಹಿಡ್ಕೊಳ್ಳಿ!"

ಮರುದಿನ ಬೆಳಿಗ್ಗೆ ಕಸದ ಚೀಲ ಹಿಡಿದು ಹೊರಟ ಭಾವ ಮೊರಿತಾ ಸಾನ್ ಕಣ್ಣಿಗೆ ಬಿದ್ದಿರಬೇಕು. ಸರಪಳಿ ಹಾಕಿದ ಬಾಗಿಲು ಒಂದು ಗೇಣು ತೆರೆಯಿತು.

"ತಪ್ಪು! ಕಪ್ಪೆ ಮೇಲಿರಬೇಕು!"

ಭಾವ ಬಗ್ಗಿ ಅರಿಗಾತೋ ಎಂದು ಧನ್ಯವಾದ ಹೇಳಿದರು. ಮರುದಿನ ಮತ್ತೆ ತಲೆಕೆಳಗಾಗಿಯೇ ಕಟ್ಟಿಕೊಂಡು ಹೋದರು. ಅಂದು ಸರಪಳಿ ಬಿಚ್ಚಿತು. ಇನ್ನೆರಡು ದಿನಕ್ಕೆ ಅಜ್ಜ ಹೊಸಿಲು ದಾಟಿ ಬಂದು ತಾವೇ ಕಟ್ಟಿ ತೋರಿಸಿದರು. ಅಕ್ಕನ ಡಬ್ಬಿ ಖಾಲಿಯಾಗಿ ಬರತೊಡಗಿತು. ಹದಿನೈದು ದಿನ ಪಾಠವಾದರೂ ನಮ್ಮ ವಿಜ್ಞಾನಿಗೆ ಬರಲೇ ಇಲ್ಲ!

"ಭಾವ, ನಿಮಗೆ ಡಾಕ್ಟರೇಟ್ ಕೊಟ್ಟೋರ್ ಯಾರು?"

"ನಾನು ಸ್ಲೋ ಲರ್ನರ್ ಕಣಯ್ಯ."

ಆಮೇಲೆ ಒಂದು ಬೆಳಿಗ್ಗೆ ಮೆಟ್ಟಿಲ ತಿರುವಿನಲ್ಲಿ ಅವರನ್ನು ಕಂಡೆ. ಕಪ್ಪೆ ಶಲ್ಯದ ಮೇಲಂಚಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಭಾವ ಅತ್ತಿತ್ತ ನೋಡಿ, ಸರಕ್ಕನೆ ಬಿಚ್ಚಿ, ತಲೆಕೆಳಗಾಗಿ ಕಟ್ಟಿಕೊಂಡರು. ನನ್ನನ್ನು ಕಂಡು ತುಟಿಗೆ ಬೆರಳಿಟ್ಟರು. ಹೋಗಿ ಪಕ್ಕದ ಮನೆಯ ಗಂಟೆ ಒತ್ತಿದರು.

ಬಾಗಿಲು ತಕ್ಷಣ ತೆರೆಯಿತು. ಮೊರಿತಾ ಸಾನ್ ತಲೆ ಬಾಚಿ, ಕಿಮೋನೋ ಉಟ್ಟು, ಬಾಗಿಲ ಹಿಂದೆಯೇ ಕಾದು ನಿಂತಿದ್ದರು.

"ಇವತ್ತೂ ತಪ್ಪು," ಎನ್ನುತ್ತ ಬಗ್ಗಿ ದಾರ ಬಿಚ್ಚತೊಡಗಿದರು.

"ಸುಮಿಮಾಸೆನ್. ನಾಳೆ ಖಂಡಿತ ಸರಿಯಾಗಿ ಕಟ್ಟಿಕೊಂಡು ಬರ್ತೀನಿ."

ಅಜ್ಜನ ಕೈ ನಿಂತಿತು. ತಲೆಯೆತ್ತಿ ಭಾವನ ಮುಖವನ್ನು ತುಸು ಹೊತ್ತು ನೋಡಿದರು.

"ಅವಸರವೇನಿಲ್ಲ," ಎಂದರು. "ನಿಧಾನವಾಗಿ ಕಲಿ."